ಬೀದಿಯ ಕಾನೂನು ಯಾರ ಕೈಯಲ್ಲಿರಬೇಕು?

ರಾಜಧಾನಿಯ ಬೀದಿಗೆ ಇಬ್ಬರು ಹಕ್ಕುದಾರರು: ಅಲ್ಲಿ ಬದುಕುವವರು ಮತ್ತು ಅಲ್ಲಿಂದ ಆಳುವವರು. 1973ರ ಕಾಯ್ದೆಯಿಂದ ವಾಷಿಂಗ್ಟನ್‌ಗೆ ಚುನಾಯಿತ ಮೇಯರ್ ಮತ್ತು ಕೌನ್ಸಿಲ್ ದೊರೆತರೂ, ಕೌನ್ಸಿಲ್ ಮಾಡಿದ ಕಾನೂನನ್ನು ತಳ್ಳಿಹಾಕುವ ಅಧಿಕಾರ ಅಮೆರಿಕದ ಸಂಸತ್ತಿನ ಬಳಿಯೇ ಉಳಿಯಿತು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷರು ಅದೇ ಕಾಯ್ದೆಯ ಬಲದಿಂದ ನಗರದ ಪೊಲೀಸರನ್ನು 30 ದಿನಗಳ ಮಟ್ಟಿಗೆ ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ದೆಹಲಿಗೆ ಸ್ವಂತ ವಿಧಾನಸಭೆಯಿದ್ದರೂ ಪೊಲೀಸ್ ಇಲಾಖೆ ಕೇಂದ್ರದ್ದು. ಬೆಂಗಳೂರಿನಲ್ಲಿ ಕೇಂದ್ರದ ಕೈ ಅಷ್ಟು ನೇರವಾಗಿ ಚಾಚುವುದಿಲ್ಲ. ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ, ಸ್ಥಳೀಯ ಆಡಳಿತ ಮೂರೂ ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಆದರೂ ಗಾಂಧಿ ಬಜಾರಿನ ಫುಟ್‌ಪಾತಿನವರೆಗೆ ಸಂಸತ್ತಿನ ಕಾನೂನು ಬಂದಿದೆ.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು. ದೂರದ ಸರ್ಕಾರ ಮಾಡಬೇಕಾದ ಕೆಲಸ ಇಂಥದ್ದೇ. ಬಡಾವಣೆಯವರು ಕೂಡಿ ನಿರ್ಧರಿಸಿದ್ದೆಲ್ಲ ನ್ಯಾಯವಾಗಿರುತ್ತದೆ ಎಂದೇನಿಲ್ಲ. ಮನೆಯ ಮುಂದೆ ಕಾರು ನಿಲ್ಲಿಸಲು ಜಾಗ ಬೇಕೆನ್ನುವವರ ದನಿ ಹೂ ಮಾರುವವಳ ದನಿಗಿಂತ ಜೋರಾಗಿರುತ್ತದೆ. ಅವಳ ಹಕ್ಕು ವಾರ್ಡಿನ ಬಹುಮತಕ್ಕೆ ಬಿಟ್ಟ ವಿಷಯವಾಗಬಾರದು.

ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಸೇವಂತಿಗೆಯ ಬುಟ್ಟಿ ಎಲ್ಲಿಯವರೆಗೆ ಚಾಚಬಹುದು, ಕೋಲೂರಿಕೊಂಡು ಬರುವ ಹಿರಿಯರಿಗೆ ಎಷ್ಟು ದಾರಿ ಬಿಡಬೇಕು, ರಾತ್ರಿ ಉಳಿದ ಬಾಳೆಕಂದು, ಮಾವಿನ ಸೊಪ್ಪನ್ನು ಯಾರು ಎತ್ತಬೇಕು ಎಂಬುದನ್ನು ದೆಹಲಿಯಲ್ಲಿ ಕುಳಿತು ಬರೆಯಲಾಗದು. ಹಕ್ಕನ್ನು ಒಮ್ಮೆ ಬರೆದರೆ ಸಾಕು, ನಿರ್ವಹಣೆ ದಿನನಿತ್ಯದ ಕೆಲಸ. ಅದಕ್ಕೆ ಎದುರಿಗೆ ಸಿಗುವ, ಪ್ರಶ್ನಿಸಬಹುದಾದ ಮನುಷ್ಯ ಬೇಕು.

ಬಸವನಗುಡಿ, ಮಲ್ಲೇಶ್ವರಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. 1898ರ ಪ್ಲೇಗಿನ ನಂತರ ಮೈಸೂರು ಸರ್ಕಾರದ ಆಸರೆಯಲ್ಲಿ ಈ ಬಡಾವಣೆಗಳು ಬೆಳೆದವು. ನೇರ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿ, ಎಲ್ಲವೂ ನಕ್ಷೆಯಲ್ಲೇ ಇದ್ದವು. ನಕ್ಷೆ ಚೆನ್ನಾಗಿತ್ತು. ಒಳಚರಂಡಿ ಬಂದ ಮೇಲೆ ಆ ಓಣಿಗಳು ಕೇಳುವವರಿಲ್ಲದಂತಾಗಿ, ಎಷ್ಟೋ ಕಡೆ ಕಸ ಸುರಿಯುವ ಜಾಗಗಳಾದವು. ಮಲ್ಲೇಶ್ವರದಲ್ಲಿ ಕೆಲವು ಓಣಿಗಳು ಮತ್ತೆ ನಡೆದಾಡುವಂತಾಗಿದ್ದರೆ, ಅದರಲ್ಲಿ ಅಲ್ಲಿನ ನಿವಾಸಿಗಳ ಆಸಕ್ತಿಯ ಪಾಲು ದೊಡ್ಡದು.

ಸುರಕ್ಷತೆಯ ಮಾತೂ ಬೇರೆಯಲ್ಲ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ 2018ರಲ್ಲಿ ಆಯ್ಕೆಯಾದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಕ್ಯಾಮೆರಾಗಳು ಬಂದವು, ಅವು ಬೇಕಾದವೇ. ಆದರೆ ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಮರದ ಕೊಂಬೆ ಬೀದಿದೀಪವನ್ನು ಮುಚ್ಚಿದ್ದರೆ, ಕೆಳಗೆ ಫುಟ್‌ಪಾತಿನ ಚಪ್ಪಡಿ ಎದ್ದಿದ್ದರೆ, ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಗಳು ರಸ್ತೆಯ ನಡುವೆಯೇ ನಡೆಯುತ್ತಾಳೆ. ವಿದ್ಯುತ್ ಬೆಸ್ಕಾಂನದು, ದೀಪವೂ ಮರವೂ ಪಾಲಿಕೆಯವು, ಗಸ್ತು ಗೃಹ ಇಲಾಖೆಯದು. ಅವಳ ಪಾಲಿಗೆ ಅದು ಒಂದೇ ಕತ್ತಲು. ಈ ಮೂರನ್ನೂ ಕೂಡಿಸಿ ಜವಾಬು ಹೇಳುವವರು ಆ ವಾರ್ಡಿನಲ್ಲೇ ಸಿಗಬೇಕು.

ಹಾಗೆ ನೋಡಿದರೆ ಬೆಂಗಳೂರಿನ ಬೀದಿಗೆ ದೂರದ ಸರ್ಕಾರವೆಂದರೆ ದೆಹಲಿಗಿಂತ ಹೆಚ್ಚಾಗಿ ವಿಧಾನಸೌಧ. 1993ರ ಜೂನ್‌ನಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ, ನಗರಸಭೆಗಳ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ನಡೆಯಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ರಸ್ತೆ, ನೈರ್ಮಲ್ಯ, ಬೀದಿದೀಪಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ನಂತರ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ನಗರವನ್ನು ಐದು ಪಾಲಿಕೆಗಳಾಗಿ ಹಂಚಿ, ಅವುಗಳ ಮೇಲೆ ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಪ್ರಾಧಿಕಾರವನ್ನು ಕೂರಿಸಿತು. ಇಷ್ಟು ಬೆಳೆದ ನಗರಕ್ಕೆ ನೀರು, ಸಾರಿಗೆಗಳನ್ನು ಒಟ್ಟಾಗಿ ನೋಡುವ ಸಂಸ್ಥೆ ಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಮೇಲಿನ ಕುರ್ಚಿಗಳನ್ನು ತುಂಬುವ ಮೊದಲು ವಾರ್ಡಿನ ಕುರ್ಚಿ ತುಂಬಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗ, ಒಬ್ಬ ಕಾರ್ಪೊರೇಟರೂ ಇಲ್ಲದೆ ನಗರ ಐದು ವರ್ಷ ಕಳೆಯುತ್ತ ಬಂದಿತ್ತು.