ಕಪ್ಪು ಹೊಗೆಯ ಸೊಬಗು

ಈಶ್ವರಮಂಗಲದ ನಮಗೆ ರೈಲು ನೋಡಬೇಕಾದರೆ ಕಬಕ ಪುತ್ತೂರಿಗೇ ಹೋಗಬೇಕು. ರೈಲುಪ್ರಿಯರಲ್ಲಿ ಅನೇಕರಿಗೆ ಅಚ್ಚುಮೆಚ್ಚು ಹಳೆಯ ಆಲ್ಕೋ ಡೀಸೆಲ್ ಇಂಜಿನ್. 1964ರಿಂದ ವಾರಣಾಸಿಯಲ್ಲಿ ತಯಾರಾದ ಇದು ಭಾರ ಎಳೆಯುವಾಗ ಕಪ್ಪು ಹೊಗೆ ಉಗುಳುತ್ತದೆ. ಗಾಳಿ ಸಾಲದೆ ಅರೆಬರೆ ಉರಿದ ಡೀಸೆಲ್ ಅದು. ನಾವು ಸೊಬಗೆಂದು ಮೆಚ್ಚುವುದು ಅದನ್ನೇ!

ಪುತ್ತೂರಿನ ಹಳಿ ಮುಂದೆ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಘಾಟಿ ಏರುತ್ತದೆ. ಅಲ್ಲಿ 57 ಸುರಂಗಗಳಿವೆ. ಬಯಲಲ್ಲಿ ನಿಂತು ನೋಡುವವನಿಗೆ ಹೊಗೆ ಒಂದು ಚಿತ್ರ. ಸುರಂಗದೊಳಗೆ ಇಂಜಿನ್ ನಡೆಸುವವನಿಗೂ ಹಳಿ ಕಾಯುವವನಿಗೂ ಅದು ಉಸಿರಾಡಬೇಕಾದ ಗಾಳಿ.

ಹಾಗಾದರೆ ಮೆಚ್ಚುವುದೇ ತಪ್ಪೇ? ಖಂಡಿತ ಅಲ್ಲ. ದಶಕಗಳ ಕಾಲ ದೇಶದ ಭಾರ ಎಳೆದ ಯಂತ್ರಕ್ಕೆ ಕೃತಜ್ಞತೆ ಸಲ್ಲಲೇಬೇಕು. ಆದರೆ ವಿದ್ಯುತ್ ಇಂಜಿನ್ ಬಂದಾಗ ಹಳೆಯದೇ ಇರಲಿ ಎಂದು ಹಟ ಹಿಡಿಯುವುದು ಸರಿಯಲ್ಲ. ನಮ್ಮ ಕಣ್ಣಿನ ಸಂತೋಷಕ್ಕೆ ಇನ್ನೊಬ್ಬರ ಶ್ವಾಸಕೋಶ ಬೆಲೆ ತೆರಬಾರದು.