ಲೋಟ ತಾನಾಗೇ ಬಿತ್ತಾ?

ಮೊನ್ನೆ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು, "ಚಿಕ್ಕದಾಗಿ, ಸ್ಪಷ್ಟವಾಗಿ ಬರೆಯೋದು ಕಲೀಬೇಕು. ಯಾವ ಪುಸ್ತಕ ಓದ್ಲಿ?" ಇಂಗ್ಲಿಷ್ ಬರವಣಿಗೆ ಬಗ್ಗೆ ನನ್ನನ್ನು ಕೇಳೋದು! ಹತ್ತನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆ, ಬಿ.ಇ. ಮೊದಲ ಸೆಮಿಸ್ಟರಿನಲ್ಲಿ ಮೇಷ್ಟ್ರು ಹೇಳಿದ್ದು ಅರ್ಧ ತಲೆಗೆ ಹೋಗದೆ ಕೂತಿದ್ದವನು ನಾನು. ಕೇಳಿದಳಲ್ಲ ಅನ್ನೋ ಖುಷಿಗೆ ಪುಸ್ತಕಗಳ ಹೆಸರು ಹೇಳೋಕೆ ಹೊರಟೆ. ಆಗ ಹಳೇ ಸಂಗತಿಯೊಂದು ಗಂಟಲಿಗೆ ಅಡ್ಡ ಬಂತು.

ನಾನು ಮೊದಲು ಕೊಂಡಿದ್ದು ಎಲ್ಲರೂ ಕೊಳ್ಳೋ 'ದಿ ಎಲಿಮೆಂಟ್ಸ್ ಆಫ್ ಸ್ಟೈಲ್'. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಸ್ಟ್ರಂಕ್ 1918ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಮಾಡಿದ ಪುಟ್ಟ ಪುಸ್ತಕ. ಅವರ ಶಿಷ್ಯ ಇ.ಬಿ. ವೈಟ್ ತಿದ್ದಿ ಬೆಳೆಸಿದ್ದು 1959ರಲ್ಲಿ. ಬೇಡದ ಪದ ಕಿತ್ತು ಹಾಕಿ, ಕರ್ತರಿ ಪ್ರಯೋಗ ಬಳಸಿ, ಹೀಗೆ ಖಡಕ್ ಅಪ್ಪಣೆಗಳು. ನಮ್ಮಂಥವರಿಗೆ ಅಮೃತ. ಇಂಗ್ಲಿಷ್ ಸರಿಯಾಗಿ ಬರದವನಿಗೆ ಚಿಕ್ಕ ವಾಕ್ಯ ಅನ್ನೋದು ಶೈಲಿ ಅಲ್ಲ, ಬಚಾವಾಗೋ ದಾರಿ. ವಾಕ್ಯ ಗಿಡ್ಡ ಆದಷ್ಟೂ ತಪ್ಪು ಕಮ್ಮಿ.

ಕೆಲವು ವರ್ಷದ ಹಿಂದಿನ ಮಾತು. ಒಂದು ರಾತ್ರಿ ಡೇಟಾಬೇಸ್ ಮೈಗ್ರೇಶನ್ ಇತ್ತು. ಸ್ಕ್ರಿಪ್ಟ್ ಓಡಿಸಿದ್ದು ನಾನು, ಅದರಲ್ಲಿ ಕಂಡೀಷನ್ ತಪ್ಪಿ ಬರೆದಿದ್ದೂ ನಾನೇ. ಗ್ರಾಹಕರ ದಾಖಲೆಗಳು ಅಳಿಸಿ ಹೋದವು. ಬ್ಯಾಕಪ್ಪಿನಿಂದ ಎಳೆದು ತರೋಷ್ಟರಲ್ಲಿ ಬೆಳಗಾಗಿತ್ತು. ಆಮೇಲೆ ರಿಪೋರ್ಟ್ ಬರೆದೆ: 'ಡ್ಯೂರಿಂಗ್ ದ ಮೈಗ್ರೇಶನ್, ಆನ್ ಎರರ್ ಅಕರ್ಡ್.' ಆರೇ ಪದ, ಕಿತ್ತು ಹಾಕೋಕೆ ಒಂದೂ ಇಲ್ಲ. ಮ್ಯಾನೇಜರ್ ಕ್ರಿಸ್ಪ್ ಆಗಿದೆ ಅಂತ ಹೊಗಳಿದರು. ರಿಲೀಸ್ ಟಿಕೆಟ್ಟಿನಲ್ಲಿ ಹೆಸರಿದ್ದದ್ದು ಒಬ್ಬ ಜೂನಿಯರ್ ಹುಡುಗನದು. ಮುಂದಿನ ಮೀಟಿಂಗಿನಲ್ಲಿ ಎಲ್ಲರೂ ಅವನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ನಾನು ಅಲ್ಲೇ ಕೂತಿದ್ದೆ. ಆ ವರ್ಷ ಅವನ ರೇಟಿಂಗ್ ಬಿತ್ತು.

ತಮಾಷೆ ಅಂದ್ರೆ, ನನ್ನ ವಾಕ್ಯ ಕರ್ತರಿ ಪ್ರಯೋಗದಲ್ಲೇ ಇತ್ತು! 2009ರಲ್ಲಿ ಭಾಷಾವಿಜ್ಞಾನಿ ಜೆಫ್ರಿ ಪುಲ್ಲಮ್ ಸ್ಟ್ರಂಕ್-ವೈಟ್ ಪುಸ್ತಕವನ್ನು ಚೆನ್ನಾಗಿ ಝಾಡಿಸಿದ್ದರು. ಕರ್ಮಣಿಯನ್ನು ತಿದ್ದೋಕೆ ಅಂತ ಕೊಟ್ಟ ನಾಲ್ಕು ಉದಾಹರಣೆಗಳಲ್ಲಿ ಮೂರು ಕರ್ಮಣಿಯೇ ಅಲ್ಲ ಅಂತ. ನನಗೆ ಅದು ಬೇರೆ ರೀತಿ ನಾಟಿತು. ಪುಸ್ತಕ ಒಂದು ಬಾಗಿಲು ಕಾಯ್ತಿತ್ತು, ಕಳ್ಳ ಹಿತ್ತಲಿಂದ ಹೋಗಿದ್ದ. ಕನ್ನಡದಲ್ಲಂತೂ ಮಾತಾಡುವಾಗ '-ಲ್ಪಟ್ಟಿತು' ಯಾರು ಅಂತಾರೆ? ನಮಗೆ 'ಆಯ್ತು', 'ಹೋಯ್ತು' ಸಾಕು. ಚಿಕ್ಕವನಿದ್ದಾಗ "ಅಮ್ಮಾ, ಲೋಟ ಬಿದ್ದೋಯ್ತು" ಅಂದರೆ ಅಮ್ಮ ಒಲೆ ಮುಂದಿಂದಲೇ ಕೇಳೋಳು, "ತಾನಾಗೇ ನಡ್ಕೊಂಡು ಹೋಗಿ ಬಿತ್ತಾ?"

ಅಮ್ಮನ ಪ್ರಶ್ನೆಗೆ ಹತ್ತಿರ ಬರೋದು ಶಿಕಾಗೊ ವಿಶ್ವವಿದ್ಯಾಲಯದ ಜೋಸೆಫ್ ವಿಲಿಯಮ್ಸ್ 1981ರಲ್ಲಿ ತಂದ 'ಸ್ಟೈಲ್'. ವಾಕ್ಯದಲ್ಲಿ ಮಾಡ್ತಿರೋರು ಯಾರು, ಮಾಡ್ತಿರೋದು ಏನು, ಇವೆರಡನ್ನು ಹುಡುಕಿ ಕರ್ತೃ ಮತ್ತು ಕ್ರಿಯಾಪದದ ಜಾಗದಲ್ಲಿ ಕೂರಿಸೋದು ಅದರ ಪಾಠ. ಕರ್ಮಣಿಯನ್ನು ಬೈಯೋದಿಲ್ಲ, ಯಾವಾಗ ಬೇಕು ಅಂತಾನೂ ಹೇಳುತ್ತೆ.

ನೀವು ಕೇಳಬಹುದು, ನಮ್ಮ ಫೀಲ್ಡಿನಲ್ಲಿ 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್' ಅಂತ ಇದೆಯಲ್ಲ, ಹೆಸರು ಹಾಕಬಾರದು ಅನ್ನೋದೇ ಅದರ ನಿಯಮ ಅಲ್ವಾ ಅಂತ. ಹೌದು, ಒಳ್ಳೇ ನಿಯಮ. ಆದರೆ ಅಲ್ಲಿ ಹೆಸರು ಬಿಡೋದು ಹೆದರಿಕೆ ಇಲ್ಲದೆ ಏನಾಯ್ತು ಅಂತ ಪೂರ್ತಿ ಹೇಳಲಿ ಅಂತ. ಸ್ಕ್ರಿಪ್ಟಿನಲ್ಲಿ ಏನು ತಪ್ಪಿತ್ತು ಅಂತಲೂ ನಾನು ಬರೆದಿರಲಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಓದುವವರು ಯಾರನ್ನೋ ಕೂರಿಸೇ ಕೂರಿಸ್ತಾರೆ, ಸಾಮಾನ್ಯವಾಗಿ ಎದುರು ಮಾತಾಡದವನನ್ನು. ಅದು ನನಗೆ ಬರೆಯುವಾಗಲೇ ಗೊತ್ತಿತ್ತಾ? ಪೂರ್ತಿ ಗೊತ್ತಿರಲಿಲ್ಲ ಅಂತ ಇಷ್ಟು ದಿನ ಹೇಳ್ಕೊಂಡಿದ್ದೆ. ಮೀಟಿಂಗಿನಲ್ಲಿ ಗೊತ್ತಾಯ್ತಲ್ಲ, ಆಗ ಬಾಯಿ ಬಿಡದಿದ್ದಕ್ಕೆ ಯಾವ ವ್ಯಾಕರಣವೂ ಕಾರಣ ಅಲ್ಲ.

ಹುಡುಗಿಗೆ ವಿಲಿಯಮ್ಸ್ ಪುಸ್ತಕ ಕೊಟ್ಟೆ. ಈ ಕಥೆ ಹೇಳಲಿಲ್ಲ. ಅದನ್ನು ಮೊದಲು ಕೇಳಬೇಕಾದವನು ಬೇರೆ. ಅವತ್ತು ರಾತ್ರಿ ಅವನಿಗೆ ಮೆಸೇಜ್ ಬರೆಯೋಕೆ ಕೂತೆ. ಮೊದಲನೇ ಸಲ ಪರಿಸ್ಥಿತಿಯಿಂದ ಶುರುವಾಯ್ತು, ಅಳಿಸಿದೆ. ಎರಡನೇ ಸಲ 'ತಪ್ಪಾಗಿದೆ' ಅಂತ ಬಂತು, ಅದನ್ನೂ ಅಳಿಸಿದೆ. ಕೊನೆಗೆ, "ಅವತ್ತು ಸ್ಕ್ರಿಪ್ಟ್ ಓಡಿಸಿದ್ದು ನಾನು. ಮೀಟಿಂಗಿನಲ್ಲಿ ಗೊತ್ತಿದ್ದೂ ಸುಮ್ಮನಿದ್ದೆ" ಅಂತ ಬರೆದು ಕಳಿಸಿದೆ. ಓದಿದ್ದಾನೆ. ಇನ್ನೂ ಏನೂ ಬರೆದಿಲ್ಲ.