ಲ್ಯಾಬಿನ ಚೀಟಿ ಮತ್ತು ಮನೆಯ ಗುಟ್ಟು

2019ರ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಹಿರಿಯ ಮಗನಿಗೆ ಟಾನ್ಸಿಲ್ ಆಪರೇಷನ್ ಮಾಡಿಸುವುದೆಂದು ತೀರ್ಮಾನವಾಯಿತು. ಹುಡುಗನಿಗೆ ಆಗ 7 ವರ್ಷ. ತಿಂಗಳಿಗೊಮ್ಮೆ ಜ್ವರ, ಗಂಟಲು ನೋವು, ಶಾಲೆಗೆ ಚಕ್ಕರ್. ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಲ್ಯಾಬಿನ ಹುಡುಗ ಮಗುವಿನ ಬೆರಳ ತುದಿಗೆ ಸೂಜಿ ಚುಚ್ಚಿ, ಹೊರಬಂದ ರಕ್ತವನ್ನು ಅರ್ಧ ನಿಮಿಷಕ್ಕೊಮ್ಮೆ ಫಿಲ್ಟರ್ ಪೇಪರಿಗೆ ಒತ್ತುತ್ತ ಗೋಡೆಯ ಗಡಿಯಾರ ನೋಡಿದ. ಸಪೂರ ಗಾಜಿನ ನಳಿಗೆಯೊಂದರಲ್ಲಿ ಇನ್ನಷ್ಟು ರಕ್ತ ಹಿಡಿದು, ನಳಿಗೆಯನ್ನು ಚೂರು ಚೂರೇ ಮುರಿಯುತ್ತ ಒಳಗೆ ದಾರದಂಥ ಎಳೆ ಕಟ್ಟಿದೆಯೇ ಎಂದು ಪರೀಕ್ಷಿಸಿದ. ಸ್ವಲ್ಪ ಹೊತ್ತಿಗೆ ಚೀಟಿ ಬಂತು. ಬಿ.ಟಿ., ಸಿ.ಟಿ. ನಾರ್ಮಲ್. ಅಂದರೆ ರಕ್ತ ನಿಲ್ಲುವ ಸಮಯ, ಹೆಪ್ಪುಗಟ್ಟುವ ಸಮಯ ಎರಡೂ ಸರಿ. ತಂಗಿಯ ಗಂಡ 'ಅಲ್‌ಹಮ್ದುಲಿಲ್ಲಾಹ್' ಎಂದು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಸಂಜೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದರು. ಅವರು ಆ ಚೀಟಿಯನ್ನು ಕೇಳಲೇ ಇಲ್ಲ. ನೇರವಾಗಿ ತಂಗಿಯತ್ತ ತಿರುಗಿ, "ಹಲ್ಲು ಬಿದ್ದಾಗ ತುಂಬ ಹೊತ್ತು ರಕ್ತ ಹೋಗಿತ್ತೇನಮ್ಮ? ಸುನ್ನತ್ ಮಾಡಿಸಿದಾಗ? ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆ ಏಳುತ್ತಾ? ನಿಮ್ಮ ತಾಯಿ ಕಡೆಯ ಗಂಡಸರಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇತ್ತಾ?" ಎಂದು ಕೇಳಿದರು. ತಂಗಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು. ಉತ್ತರ ಕೊಟ್ಟದ್ದು ಅವಳ ಅತ್ತೆ. "ಅಂಥದ್ದೇನೂ ಇಲ್ಲ ಡಾಕ್ಟ್ರೇ. ನಮ್ಮ ಖಾಂದಾನಿನಲ್ಲಿ ಎಲ್ಲರೂ ಗಟ್ಟಿಮುಟ್ಟು."

ಆಕೆ ಸುಳ್ಳು ಹೇಳಲಿಲ್ಲ. ಅವರ ಖಾಂದಾನಿನ ಮಟ್ಟಿಗೆ ಅದು ನಿಜ. ಆದರೆ ಪ್ರಶ್ನೆ ಇದ್ದದ್ದು ನಮ್ಮ ಖಾಂದಾನಿನ ಬಗ್ಗೆ.

ನಮ್ಮ ಅಮ್ಮಿಗೆ ಒಬ್ಬ ತಮ್ಮನಿದ್ದ. ನಾವು ನೋಡದ ಮಾಮು. 11 ವರ್ಷದವನಿದ್ದಾಗ ಹುಳುಕು ಹಲ್ಲು ಕೀಳಿಸಿದರಂತೆ. ಎರಡು ದಿನ ರಕ್ತ ನಿಲ್ಲಲಿಲ್ಲ, ಮೂರನೆಯ ದಿನ ಹುಡುಗನೇ ಇರಲಿಲ್ಲ. ಮನೆಯಲ್ಲಿ ಇದನ್ನು ನಜರ್ ಎಂದರು, ಹುಣಸೆಮರದ ಕೆಳಗೆ ಆಡಲು ಹೋದದ್ದರ ಫಲ ಎಂದರು. ಅಮ್ಮಿ ಆ ಕತೆಯನ್ನು ನನಗೆ ಹೇಳಿದ್ದು ಒಂದೇ ಸಲ. ನಾನು ಅದನ್ನು ಕತೆಯಾಗಿ ಬರೆದೆ. ಬರೆಯುವಾಗ ಮಾಮುವನ್ನು ಪಕ್ಕದ ಮನೆಯ ಹುಡುಗನನ್ನಾಗಿ ಮಾಡಿದ್ದೆ. ಕಲೆಯ ದೃಷ್ಟಿಯಿಂದ ಅದು ಅಗತ್ಯ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ.

ಆ ರಾತ್ರಿ ನಾನು ತಂಗಿಯನ್ನು ಕೇಳದೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ಆಪರೇಷನ್ ಮುಂದಕ್ಕೆ ಹೋಯಿತು. ಹೇಳಿದ್ದು ಸರಿಯೇ, ಅವಳನ್ನು ಕೇಳದೆ ಹೇಳಿದ್ದು ಸರಿಯೇ? ಇವು ಎರಡು ಬೇರೆ ಬೇರೆ ಪ್ರಶ್ನೆಗಳೆಂದು ಹೊಳೆಯಲು ನನಗೆ ಕೆಲವು ತಿಂಗಳೇ ಬೇಕಾದವು.

ಮೊದಲು ಆ ಚೀಟಿಯ ವಿಷಯ. ಬೆರಳು ಚುಚ್ಚಿ ಗಡಿಯಾರ ನೋಡುವ ಪರೀಕ್ಷೆ ನೂರು ವರ್ಷಕ್ಕೂ ಹಳೆಯದು. ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮ ರೋಗ ಎನ್ನುತ್ತಾರಲ್ಲ, ಅದರ ಸೌಮ್ಯ ರೂಪ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ಪಿ.ಟಿ., ಎ.ಪಿ.ಟಿ.ಟಿ. ಪರೀಕ್ಷೆಗಳು ಇದಕ್ಕಿಂತ ಎಷ್ಟೋ ಮೇಲು. ಆದರೂ ಹದಿಮೂರನೆಯ ಫ್ಯಾಕ್ಟರ್ ಕೊರತೆಯಿರುವ ಮಗುವಿಗೆ, ಪ್ಲೇಟ್‌ಲೆಟ್‌ಗಳು ಎಣಿಕೆಗೆ ಸರಿಯಿದ್ದು ಕೆಲಸದಲ್ಲಿ ಸೋಲುವ ಮಗುವಿಗೆ ಅವೂ ನಾರ್ಮಲ್ ಎಂದೇ ಹೇಳುತ್ತವೆ. ಇದರ ಉಲ್ಟಾ ಕೂಡ ಆಗುತ್ತದೆ. ನೆಗಡಿ ಜ್ವರ ಬಂದು ಹೋದ ಮಗುವಿನ ರಕ್ತದಲ್ಲಿ ಕೆಲವು ವಾರ ಉಳಿಯುವ ಒಂದು ಪ್ರತಿಕಾಯದಿಂದ ಎ.ಪಿ.ಟಿ.ಟಿ. ಏರಿ ಮನೆಮಂದಿಯೆಲ್ಲ ಹೆದರುತ್ತಾರೆ. ಮಗುವಿಗೆ ಏನೂ ಆಗಿರುವುದಿಲ್ಲ.

ಅಮೆರಿಕದ ರೈಲ್ವೆ ಕೆಲಸಗಾರ ಜಾನ್ ಹೇಗ್‌ಮನ್ ಎಂಬವನ ಕತೆ ವೈದ್ಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. 1950ರ ದಶಕದಲ್ಲಿ ಆಪರೇಷನ್ನಿಗೆ ಮುಂಚೆ ಅವನ ರಕ್ತ ಪರೀಕ್ಷಿಸಿದರೆ ಗಾಜಿನ ಕೊಳವೆಯಲ್ಲಿ ಅದು ಹೆಪ್ಪುಗಟ್ಟಲೇ ಒಲ್ಲದು. ಆದರೆ ಆ ಮನುಷ್ಯನಿಗೆ ಜೀವನದಲ್ಲಿ ಎಂದೂ ರಕ್ತಸ್ರಾವದ ತೊಂದರೆ ಆಗಿರಲಿಲ್ಲ. ಆಸ್ಕರ್ ರ್‍ಯಾಟ್‌ನಾಫ್ ಎಂಬ ವೈದ್ಯ ಅವನಲ್ಲಿಲ್ಲದ ಅಂಶವನ್ನು ಗುರುತಿಸಿದರು. ಇಂದು ಅದು ಹನ್ನೆರಡನೆಯ ಫ್ಯಾಕ್ಟರ್. ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ಕೊಳವೆ ಸಾರಿದ ಆ ಮನುಷ್ಯ 1968ರಲ್ಲಿ ಸತ್ತದ್ದು, ಬಿದ್ದು ಮೂಳೆ ಮುರಿದ ಮೇಲೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ!

2008ರಲ್ಲಿ ಬ್ರಿಟನ್ನಿನ ರಕ್ತರೋಗ ತಜ್ಞರ ಸಮಿತಿ ಆಪರೇಷನ್ನಿಗೆ ಬಂದವರಿಗೆಲ್ಲ ಈ ಪರೀಕ್ಷೆ ಮಾಡುತ್ತ ಹೋಗಬೇಡಿ, ಮೊದಲು ರೋಗಿಯ ಮತ್ತು ಕುಟುಂಬದ ರಕ್ತಸ್ರಾವದ ಚರಿತ್ರೆ ಕೇಳಿ, ಸಂಶಯವಿದ್ದರೆ ಪರೀಕ್ಷೆ ಮಾಡಿ ಎಂದು ಹೇಳಿತು. ಓದಲು ಸರಳವಾಗಿದೆ. ಆದರೆ ಅತ್ತೆ ಪಕ್ಕದಲ್ಲಿ ಕೂತಿರುವಾಗ ನಮ್ಮ ಹೆಣ್ಣುಮಗಳೊಬ್ಬಳು ಯಾವ ಬಾಯಿಂದ ಚರಿತ್ರೆ ಹೇಳಬೇಕು? ಚೀಟಿ ನಮಗೆ ಇಷ್ಟವಾಗುವುದು ಇದಕ್ಕೇ ಇರಬೇಕು. ಚೀಟಿ ಇದ್ದರೆ ಯಾರೂ ಬಾಯಿ ಬಿಡಬೇಕಾಗಿಲ್ಲ. ಏನಾದರೂ ಆದರೆ 'ರಿಪೋರ್ಟ್ ನಾರ್ಮಲ್ ಇತ್ತಲ್ಲ' ಎಂದು ಡಾಕ್ಟರೂ ಹೇಳಬಹುದು, ನಾವೂ ಹೇಳಬಹುದು. ನಮ್ಮ ಕೈಯಲ್ಲಿದ್ದ ಅಮಾನತನ್ನು ಸದ್ದಿಲ್ಲದೆ ಕಾಗದದ ಕೈಗೆ ದಾಟಿಸಿಬಿಡುತ್ತೇವೆ.

ಈ ಪ್ರಶ್ನೆ ಹೊಸದೇನಲ್ಲ. ಖತ್ನಾ ಮಾಡುವ ಸಮುದಾಯಗಳಿಗೆ ಇದು ಬಹಳ ಹಿಂದೆಯೇ ಎದುರಾಗಿತ್ತು. ಯಹೂದಿಗಳ ತಾಲ್ಮೂದಿನಲ್ಲಿ ನಾಲ್ವರು ಅಕ್ಕತಂಗಿಯರ ಪ್ರಸಂಗವಿದೆ. ಮೊದಲನೆಯವಳ ಮಗ ಖತ್ನಾದಿಂದ ಸತ್ತ, ಎರಡನೆಯವಳ ಮಗ, ಮೂರನೆಯವಳ ಮಗ ಕೂಡ. ನಾಲ್ಕನೆಯವಳು ಧರ್ಮಗುರುವಿನ ಬಳಿ ಬಂದಾಗ ಆತ ನಿನ್ನ ಮಗನಿಗೆ ಮಾಡಿಸಬೇಡ ಎಂದ. ಜೀನ್ ಎಂಬ ಪದ ಹುಟ್ಟುವುದಕ್ಕೆ 1,700 ವರ್ಷ ಮೊದಲು, ಇದು ತಾಯಂದಿರ ಕಡೆಯಿಂದ ಬರುತ್ತದೆ ಎಂಬ ಅರಿವು ಆ ತೀರ್ಪಿನಲ್ಲಿದೆ. ಹತ್ತನೆಯ ಶತಮಾನದಲ್ಲಿ ಕಾರ್ಡೋಬಾ ಸಮೀಪದ ಝಹ್ರಾ ನಗರದಲ್ಲಿ ಹುಟ್ಟಿದ ಮಹಾನ್ ಶಸ್ತ್ರವೈದ್ಯ ಅಬುಲ್ ಕಾಸಿಂ ಅಲ್ ಝಹ್ರಾವಿ ತನ್ನ 'ಅತ್ತಸ್ರೀಫ್' ಗ್ರಂಥದಲ್ಲಿ ಒಂದು ಹಳ್ಳಿಯ ಬಗ್ಗೆ ಬರೆದಿದ್ದಾನೆ. ಅಲ್ಲಿಯ ಗಂಡಸರಿಗೆ ಗಾಯವಾದರೆ ಸಾಯುವ ತನಕ ರಕ್ತ ಹರಿಯುತ್ತಿತ್ತಂತೆ. ಇದು ಅವನಿಗೆ ಗೊತ್ತಾದದ್ದು ಯಾವ ಪರೀಕ್ಷೆಯಿಂದಲೂ ಅಲ್ಲ, ಆ ಊರಿನವರು ಬಾಯಿಬಿಟ್ಟು ಹೇಳಿದ್ದರಿಂದ.

ಜೀವಕ್ಕೆ ಅಪಾಯವಿದ್ದರೆ ಖತ್ನಾದಿಂದ ವಿನಾಯಿತಿ ಇದೆ ಎಂದು ನಮ್ಮ ಫಿಕ್ಹ್ ಪಂಡಿತರೂ ಹೇಳಿದ್ದಾರೆ. ಆದರೆ ಅಪಾಯವಿದೆ ಎಂದು ಹೇಳಬೇಕಾದವರು ಯಾರು? ಆ ಮಾತು ಹೊರಡಬೇಕಾದದ್ದು ಮನೆಯಿಂದ. ಮನೆಯಲ್ಲಿ ನಾವು ಅದನ್ನು ಐಬು ಎಂದು ಕರೆದು ಮುಚ್ಚಿಟ್ಟಿದ್ದೇವೆ. ಬೇರೆಯವರ ಐಬನ್ನು ಮುಚ್ಚುವುದು ಪುಣ್ಯವೆಂದು ಮದ್ರಸದಲ್ಲಿ ಕಲಿತವರು ನಾವು. ಅದು ದೊಡ್ಡ ಮಾತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಐಬು ಎಂದರೆ ಮನುಷ್ಯ ಮಾಡಿದ ತಪ್ಪು. ರಕ್ತದಲ್ಲಿ ಒಂದು ಅಂಶ ಕಡಿಮೆಯಿರುವುದು ಯಾರು ಮಾಡಿದ ತಪ್ಪು? ಕುರ್‌ಆನ್ ಸಾಕ್ಷ್ಯವನ್ನು ಬಚ್ಚಿಡಬೇಡಿ ಎನ್ನುವುದು ಸಾಲದ ವ್ಯವಹಾರದ ಸಂದರ್ಭದಲ್ಲಿ. ನಾಲ್ಕು ಕಾಸಿನ ಸಾಲಕ್ಕೇ ಸಾಕ್ಷಿ ಹೇಳುವುದು ಅಷ್ಟು ಮುಖ್ಯವಾದರೆ, ಮಗುವಿನ ಗಂಟಲಿಗೆ ಕತ್ತರಿ ಇಡುವ ಹೊತ್ತಿನಲ್ಲಿ ನಾವು ನುಂಗಿಕೊಳ್ಳುವ ಸಾಕ್ಷ್ಯಕ್ಕೆ ಏನೆನ್ನಬೇಕು?

ಇಷ್ಟೆಲ್ಲ ಬರೆದೆನಾದರೂ ನನಗೆ ಹೇಳುವುದು ಸುಲಭವಾಗಿತ್ತು ಎಂಬುದನ್ನೂ ಹೇಳಬೇಕು. ಹಿಮೋಫಿಲಿಯಾ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ಹೆಣ್ಣುಮಕ್ಕಳು ಅದನ್ನು ಹೊತ್ತು ನಡೆಯುತ್ತಾರೆ. ಮಾಮುವಿಗೆ ಇದ್ದದ್ದು ಅದೇ, ಅದು ಅಜ್ಜಿಯಿಂದ ಬಂದದ್ದೇ ಎಂದಾದರೆ ಅಮ್ಮಿ ಅದನ್ನು ಹೊತ್ತಿರುವ ಸಾಧ್ಯತೆ ಅರ್ಧ, ತಂಗಿ ಹೊತ್ತಿರುವುದು ಕಾಲು, ಅವಳ ಮಗನಿಗೆ ಇರುವುದು 8ರಲ್ಲಿ 1. ನನಗೆ ಅದು ಬಂದಿಲ್ಲ, ನನ್ನಿಂದ ನನ್ನ ಮಕ್ಕಳಿಗೆ ಹೋಗುವುದೂ ಇಲ್ಲ. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಾನು ಖುಲಾಸೆ, ತಂಗಿ ಕಟಕಟೆಯಲ್ಲಿ. ಫೋನ್ ಮಾಡುವಾಗ ಇದು ನನ್ನ ತಲೆಗೆ ಬರಲಿಲ್ಲ.

ಹುಡುಗನ ರಕ್ತ ಬೆಂಗಳೂರಿಗೆ ಹೋಯಿತು. ಎಂಟನೆಯ, ಒಂಬತ್ತನೆಯ ಫ್ಯಾಕ್ಟರ್ ಎರಡೂ ಸರಿಯಾಗಿದ್ದವು. ಆಪರೇಷನ್ ಯಾವ ತೊಂದರೆಯೂ ಇಲ್ಲದೆ ಆಯಿತು. ನಾನು ನಿಟ್ಟುಸಿರು ಬಿಟ್ಟೆ. ತಂಗಿಗೆ ಮಾತ್ರ ಆ ಮನೆಯಲ್ಲಿ ಕಷ್ಟ ಶುರುವಾಯಿತು. ಹುಡುಗನ ಮೂಗಿನಲ್ಲಿ ರಕ್ತ ಬಂದರೆ 'ನಿನ್ನ ತವರಿನ ರಕ್ತ' ಎಂಬ ಮಾತು. ನಾದಿನಿಯ ಮದುವೆ ಮಾತುಕತೆಯಲ್ಲಿ ಕೂಡ ಈ ವಿಷಯ ಎದ್ದಿತಂತೆ. ನಾದಿನಿಗೂ ನಮ್ಮ ರಕ್ತಕ್ಕೂ ಎಲ್ಲಿಯ ಸಂಬಂಧ! ಇಲ್ಲದ ರೋಗಕ್ಕಾಗಿ ಇಷ್ಟು ರಾದ್ಧಾಂತ ಬೇಕಿತ್ತೇ ಎಂದು ಬಂಧುಗಳು ನನ್ನನ್ನು ಕೇಳಿದರು. ವರದಿ ಸರಿ ಬಂದ ಮಾತ್ರಕ್ಕೆ ಕೇಳಿದ್ದು ತಪ್ಪಾಗುವುದಿಲ್ಲ ಎಂದೇ ಈಗಲೂ ಅನ್ನುತ್ತೇನೆ. ಆದರೆ ಡಾಕ್ಟರಿಗಿಂತ ಮೊದಲು ತಂಗಿಯ ಬಳಿ ಕೂತು ಮಾತಾಡಬೇಕಿತ್ತು. ಆ ಸಂಜೆಯೆಲ್ಲ ಆಸ್ಪತ್ರೆಯ ಕಾರಿಡಾರಿನಲ್ಲಿ ನಾವಿಬ್ಬರೂ ಅಕ್ಕಪಕ್ಕವೇ ಕೂತಿದ್ದೆವು.

ಮನೆಯ ಚರಿತ್ರೆ ಕೂಡ ಎಲ್ಲವನ್ನೂ ಹೇಳುವುದಿಲ್ಲ. ಹಿಮೋಫಿಲಿಯಾದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕುಟುಂಬದಲ್ಲಿ ಯಾರಿಗೂ ಅದು ಇದ್ದ ಸುಳಿವೇ ಇರುವುದಿಲ್ಲ. ಇನ್ನೂ ನಡೆಯಲು ಕಲಿಯದ ಕೂಸು ಎಲ್ಲಿ ಬಿದ್ದಿರುತ್ತದೆ, ಎಲ್ಲಿ ಗಾಯ ಮಾಡಿಕೊಂಡಿರುತ್ತದೆ? ಅದರ ಜೀವನ ಅದನ್ನು ಇನ್ನೂ ಪರೀಕ್ಷಿಸಿಯೇ ಇಲ್ಲ. ಅಂಥ ಮಕ್ಕಳಿಗೆ ರಕ್ತಪರೀಕ್ಷೆ ಬೇಕು ಎಂಬ ವೈದ್ಯರ ವಾದದಲ್ಲಿ ತಿರುಳಿದೆ. ದಾವಣಗೆರೆಯಲ್ಲಿ ಹಿಮೋಫಿಲಿಯಾ ಸೊಸೈಟಿ ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಆ ರೋಗವಿರುವವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ರೋಗದ ಹೆಸರಿದೆ. ಹೆಸರು ಹಿಡಿದು ಮಾತಾಡಲು ನಾಡಿನಲ್ಲಿ ಜಾಗವಿದೆ, ನಮ್ಮ ಪಡಸಾಲೆಯಲ್ಲಿ ಇಲ್ಲ.

ಕಳೆದ ತಿಂಗಳು ತಂಗಿಯ ಕಿರಿಯ ಮಗನ ಖತ್ನಾದ ಮಾತು ಬಂತು. ಹಜಾಮರನ್ನು ಕರೆಸುವುದು ಬಿಟ್ಟು ಈಗ ಎಲ್ಲರೂ ಆಸ್ಪತ್ರೆಗೇ ಹೋಗುತ್ತಾರೆ. ನಾನೂ ಜೊತೆಗಿದ್ದೆ. ಡಾಕ್ಟರು ತರುಣ, ಆತುರದಲ್ಲಿದ್ದ. ಬಿ.ಟಿ., ಸಿ.ಟಿ. ಬರೆದುಕೊಟ್ಟು ಎದ್ದ. ತಂಗಿ, "ಸ್ವಲ್ಪ ಕೂತುಕೊಳ್ಳಿ ಡಾಕ್ಟ್ರೇ, ನಮ್ಮ ಅಮ್ಮಿಗೆ ಒಬ್ಬ ತಮ್ಮ ಇದ್ದ" ಎಂದು ಶುರುಮಾಡಿದಳು. ಅವಳ ಅತ್ತೆ ನಡುವೆಯೇ, "ದೊಡ್ಡವನಿಗೆ ಎಲ್ಲ ಸರಿ ಬಂದಿತ್ತಲ್ಲ, ಮತ್ತೆ ಯಾಕೆ ಅದೆಲ್ಲ?" ಎಂದರು. "ಅವನ ರಿಪೋರ್ಟ್ ಅವನಿಗೆ ಅಮ್ಮಿಜಾನ್, ಇವನು ಬೇರೆ" ಎಂದು ತಂಗಿ ಹೇಳಿ, ಡಾಕ್ಟರ ಕಡೆ ತಿರುಗಿ ಮಾಮುವಿನ ಹಲ್ಲಿನ ಕತೆ ಮುಂದುವರಿಸಿದಳು. ಕತೆಯಲ್ಲಿ ನಾನು ಬಿಟ್ಟಿದ್ದ ಒಂದು ವಿವರವನ್ನೂ ಸೇರಿಸಿದಳು. ಆ ಎರಡು ದಿನ ತಮ್ಮನ ಬಾಯಿಗೆ ಬಟ್ಟೆ ಒತ್ತಿ ಹಿಡಿದುಕೊಂಡು ಕೂತಿದ್ದವಳು ಅಮ್ಮಿಯೇ ಅಂತೆ.

ರಕ್ತದ ಮಾದರಿ ಹೋಗಿದೆ. ವರದಿ ಇನ್ನೂ ಬಂದಿಲ್ಲ.